ಇವಿ ಕಾರಿಗೆ ಎಸಿ ಗ್ಯಾಸ್ ತುಂಬಿಸುವ ಮುನ್ನ: ಮೊದಲು 'ಆಯಿಲ್ ಯಾವುದು' ಅಂತ ಕೇಳಿ

ಸಹಕಾರನಗರ: ಫೆಬ್ರವರಿ ಮುಗಿಯುತ್ತಿದ್ದಂತೆ ಬಿಸಿಲು ಏರುತ್ತೆ, ಕಾರ್ ಎಸಿ ಅಂಗಡಿಗಳಿಗೆ ಕೆಲಸವೂ ಏರುತ್ತೆ. "ಕೂಲಿಂಗ್ ಕಮ್ಮಿ ಆಗಿದೆ, ಸ್ವಲ್ಪ ಗ್ಯಾಸ್ ಹಾಕಿಬಿಡಿ" ಅನ್ನೋದು ಅಲ್ಲಿ ದಿನಾ ಕೇಳುವ ಮಾತು. ಪೆಟ್ರೋಲ್ ಕಾರಿನವರು ಇಷ್ಟು ಹೇಳಿ ಸುಮ್ಮನೆ ಕೂತರೂ ನಡೆಯುತ್ತಿತ್ತು. ಹಸಿರು ನಂಬರ್ ಪ್ಲೇಟ್‌ನ ಎಲೆಕ್ಟ್ರಿಕ್ ಕಾರಿನವರಿಗೆ ಅದು ಸಾಲದು. ಗ್ಯಾಸ್ ಒಂದೇ ಇರಬಹುದು, ಒಳಗಿನ ಆಯಿಲ್ ಬೇರೆ. ತಪ್ಪು ಆಯಿಲ್ ಸ್ವಲ್ಪ ಸೇರಿದರೂ ಹತ್ತಾರು ಸಾವಿರ ರೂಪಾಯಿಯ ಕಂಪ್ರೆಸರ್ ಕೆಡಬಹುದು. ಕೆಲವು ಸಲ ಕಾರು ಸ್ಟಾರ್ಟ್ ಆಗದೆ ನಿಂತುಬಿಡಬಹುದು.

ಸಹಕಾರನಗರ, ಕೊಡಿಗೇಹಳ್ಳಿ, ತಿಂಡ್ಲು, ಬ್ಯಾಟರಾಯನಪುರ ಸುತ್ತಮುತ್ತ ಇವಿ ಇಟ್ಟುಕೊಂಡವರಿಗೂ, ಅವುಗಳ ಕೆಲಸ ಹಿಡಿಯುವ ಗ್ಯಾರೇಜ್‌ನವರಿಗೂ ಉಪಯೋಗವಾಗಲಿ ಅಂತ ಈ ಮಾಹಿತಿ.

ಪೆಟ್ರೋಲ್ ಕಾರಿಗೂ ಇವಿಗೂ ಏನು ವ್ಯತ್ಯಾಸ?

ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಎಸಿ ಕಂಪ್ರೆಸರನ್ನು ಇಂಜಿನ್ ಬೆಲ್ಟ್ ತಿರುಗಿಸುತ್ತದೆ. ಇವಿಯಲ್ಲಿ ಇಂಜಿನ್ನೂ ಇಲ್ಲ, ಬೆಲ್ಟೂ ಇಲ್ಲ. ಕಂಪ್ರೆಸರ್ ಒಳಗೇ ಒಂದು ಮೋಟರ್ ಇರುತ್ತದೆ. ಅದಕ್ಕೆ ಕರೆಂಟ್ ಬರುವುದು ಕಾರಿನ ದೊಡ್ಡ ಬ್ಯಾಟರಿಯಿಂದ, ಹೆಚ್ಚಿನ ಕಾರುಗಳಲ್ಲಿ ಸುಮಾರು 300ರಿಂದ 400 ವೋಲ್ಟ್. ಬಾನೆಟ್ ತೆಗೆದರೆ ಕಾಣುವ ಕಿತ್ತಳೆ ಬಣ್ಣದ ದಪ್ಪ ವೈರ್‌ಗಳು ಈ ಹೈ ವೋಲ್ಟೇಜ್‌ನವು.

ಈ ಮೋಟರಿನ ತಾಮ್ರದ ಸುರುಳಿ ಗ್ಯಾಸ್ ಮತ್ತು ಆಯಿಲ್ ಜೊತೆಯಲ್ಲೇ ಇರುತ್ತದೆ. ಹಾಗಾಗಿ ಆ ಆಯಿಲ್‌ಗೆ ಎರಡು ಕೆಲಸ: ಸವೆಯದಂತೆ ನೋಡಿಕೊಳ್ಳುವುದು ಒಂದು, ಕರೆಂಟ್ ಸೋರದಂತೆ ತಡೆಯುವುದು ಇನ್ನೊಂದು.

ಪಿಎಜಿ, ಪಿಒಇ: ಎರಡು ಆಯಿಲ್ ಕಥೆ

ಬೆಲ್ಟ್ ಕಂಪ್ರೆಸರ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಪಿಎಜಿ ಅನ್ನುವ ಆಯಿಲ್ ಇರುತ್ತದೆ. ಇವಿಗಳಲ್ಲಿ ಹೆಚ್ಚಾಗಿ ಬಳಸುವುದು ಪಿಒಇ ಆಯಿಲ್, ಇದು ಕರೆಂಟ್ ಹರಿಯಲು ಬಿಡುವುದಿಲ್ಲ. ಪಿಎಜಿಗೆ ಆ ಗುಣ ಕಡಿಮೆ. ಇವಿ ಒಳಗೆ ಪಿಎಜಿ ಸೇರಿದರೆ ಮೋಟರಿನ ಇನ್ಸುಲೇಷನ್ ದುರ್ಬಲವಾಗುತ್ತದೆ. ಕರೆಂಟ್ ಬಾಡಿಗೆ ಸೋರುತ್ತಿದೆಯಾ ಅಂತ ಕಾರಿನ ಕಂಪ್ಯೂಟರ್ ಯಾವಾಗಲೂ ನೋಡುತ್ತಿರುತ್ತದೆ. ಸೋರಿಕೆ ಮಿತಿ ಮೀರಿದರೆ ವಾರ್ನಿಂಗ್ ಬರುತ್ತೆ, ಹೈ ವೋಲ್ಟೇಜ್ ಬಂದ್ ಆಗಲೂಬಹುದು. ಅಷ್ಟಾದ ಮೇಲೆ ಬರೀ ಆಯಿಲ್ ಬದಲಿಸಿದರೆ ಮುಗಿಯುವುದಿಲ್ಲ. ಕಂಪ್ರೆಸರ್ ಜೊತೆಗೆ ಬೇರೆ ಭಾಗಗಳನ್ನೂ ಬದಲಿಸಬೇಕಾಗಬಹುದು.

"ನಾವು ಆಯಿಲ್ ಹಾಕೇ ಇಲ್ಲ, ಬರೀ ಗ್ಯಾಸ್ ಹಾಕಿದ್ವಿ" ಅಂದರೂ ತೊಂದರೆ ತಪ್ಪುವುದಿಲ್ಲ. ಬೆಳಗ್ಗೆಯಿಂದ ಹತ್ತು ಪೆಟ್ರೋಲ್ ಕಾರಿಗೆ ಹಾಕಿದ ಪೈಪ್‌ನಲ್ಲಿ ಪಿಎಜಿ ಅಂಟಿಕೊಂಡಿರುತ್ತದೆ. ಅದೇ ಪೈಪನ್ನು ಇವಿಗೆ ಸಿಕ್ಕಿಸಿದರೆ ಆ ಆಯಿಲ್ ಗ್ಯಾಸ್ ಜೊತೆ ಒಳಗೆ ಹೋಗುತ್ತದೆ. ಇದಕ್ಕಾಗಿಯೇ ಹೈಬ್ರಿಡ್ ಮತ್ತು ಇವಿ ಕೆಲಸಕ್ಕೆ ಎಸ್‌ಎಇ ಜೆ2788ಎಚ್ ಅನ್ನುವ ಯಂತ್ರದ ಮಾನದಂಡ ಇದೆ. ಅದರ ಪ್ರಕಾರ ಕಾರಿಗೆ ಹೋಗುವ ಗ್ಯಾಸ್‌ನಲ್ಲಿ ಉಳಿಕೆ ಪಿಎಜಿ ತೂಕದಲ್ಲಿ ಶೇ 0.1 ಕೂಡ ಇರಬಾರದು.

ಹೈಬ್ರಿಡ್‌ನವರೂ ಓದಿ

ಹಸಿರು ಪ್ಲೇಟ್ ಇಲ್ಲ ಅಂದ ಮಾತ್ರಕ್ಕೆ ಬೆಲ್ಟ್ ಕಂಪ್ರೆಸರ್ ಅಂದುಕೊಳ್ಳಬೇಡಿ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾಡೆಲ್‌ಗೆ ಬಿಳಿ ಪ್ಲೇಟೇ ಇರುತ್ತದೆ, ಎಸಿ ಕಂಪ್ರೆಸರ್ ಮಾತ್ರ ಎಲೆಕ್ಟ್ರಿಕ್. ಇಂಥ ಕಾರುಗಳಿಗೂ ಇದೇ ಎಚ್ಚರಿಕೆ ಬೇಕು.

ಗ್ಯಾಸ್ ಖರ್ಚಾಗಲ್ಲ, ಸೋರುತ್ತೆ

ಎಸಿ ಗ್ಯಾಸ್ ಪೆಟ್ರೋಲ್ ಹಾಗೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಪೈಪ್, ಓ-ರಿಂಗ್ ಮೂಲಕ ಸ್ವಲ್ಪ ಹೋಗೋದು ಸಹಜ. ವರ್ಷ ವರ್ಷ ತುಂಬಿಸಬೇಕಾಗಿ ಬಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಮುಂದಿನ ಕಂಡೆನ್ಸರ್‌ಗೆ ಕಲ್ಲು ಬಡಿಯುವುದು, ಜಾಯಿಂಟ್‌ನ ಓ-ರಿಂಗ್ ಒಣಗುವುದು, ಗ್ಯಾಸ್ ತುಂಬುವ ವಾಲ್ವ್ ಸೋರುವುದು ಸಾಮಾನ್ಯ ಕಾರಣಗಳು.

ಕೂಲಿಂಗ್ ಕಮ್ಮಿ ಆದಾಗಲೆಲ್ಲ ಗ್ಯಾಸೇ ಕಾರಣ ಅಂತಲೂ ಅಲ್ಲ. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಇವನ್ನು ನೋಡಿ:

- ಕ್ಯಾಬಿನ್ ಫಿಲ್ಟರ್ ಧೂಳು ಹಿಡಿದಿದೆಯಾ? ಗಾಳಿಯೇ ಕಮ್ಮಿ ಬರುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ.
- ಕಾರಿನ ಮುಂಭಾಗದ ಕಂಡೆನ್ಸರ್‌ಗೆ ಎಲೆ, ಕೆಸರು, ಧೂಳು ಮುಚ್ಚಿದೆಯಾ? ಫ್ಯಾನ್ ತಿರುಗುತ್ತಿದೆಯಾ?
- ಇಕೋ ಮೋಡ್‌ನಲ್ಲಿದೆಯಾ? ಕೆಲವು ಕಾರುಗಳು ಆಗ ಎಸಿಯ ಜೋರು ತಗ್ಗಿಸುತ್ತವೆ.
- ಬ್ಯಾಟರಿ ಚಾರ್ಜ್ ತೀರಾ ಕೆಳಗಿದೆಯಾ? ಆಗಲೂ ಕೆಲವು ಕಾರುಗಳಲ್ಲಿ ಎಸಿ ಕಡಿಮೆಯಾಗುತ್ತದೆ ಅಥವಾ ನಿಲ್ಲುತ್ತದೆ.

ಇದೆಲ್ಲ ಸರಿಯಿದ್ದೂ ಗಾಳಿ ತಣ್ಣಗೆ ಬರುತ್ತಿಲ್ಲ ಅಂದರೆ ಆಮೇಲೆ ಗ್ಯಾಸ್ ವಿಚಾರ.

ಸೆಕೆ ತಡ್ಕೋತೀನಿ ಅಂದ್ರೆ ಆಗಲ್ಲ

ಬೆಂಗಳೂರಿನ ದಾಖಲೆ ಬಿಸಿಲು 39.2 ಡಿಗ್ರಿ, 2016ರ ಏಪ್ರಿಲ್ 24ರಂದು. "ಕಿಟಕಿ ಇಳಿಸಿಕೊಂಡು ಓಡಿಸ್ತೀನಿ, ಮಳೆ ಬಂದ್ಮೇಲೆ ನೋಡೋಣ" ಅಂತ ಪೆಟ್ರೋಲ್ ಕಾರಿನವರು ಮುಂದೂಡಬಹುದು. ಟಾಟಾ ನೆಕ್ಸಾನ್ ಇವಿಯಂಥ ಲಿಕ್ವಿಡ್ ಕೂಲಿಂಗ್ ಬ್ಯಾಟರಿಯ ಕಾರುಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬ್ಯಾಟರಿ ಬಿಸಿಯಾದಾಗ ಅದನ್ನು ತಣಿಸಲು ಇದೇ ಎಸಿ ಗ್ಯಾಸ್ ಬೇಕು. ಗ್ಯಾಸ್ ಕಮ್ಮಿಯಿದ್ದರೆ ಬ್ಯಾಟರಿಯನ್ನು ಕಾಪಾಡಲು ಕಾರು ತಾನಾಗಿಯೇ ಫಾಸ್ಟ್ ಚಾರ್ಜಿಂಗ್ ವೇಗ ಇಳಿಸಬಹುದು, ಮೋಟರ್ ಪವರ್ ತಗ್ಗಿಸಬಹುದು. ಬಿಸಿಲು ಹೊತ್ತಿನಲ್ಲಿ ಚಾರ್ಜಿಂಗ್ ಇದ್ದಕ್ಕಿದ್ದಂತೆ ನಿಧಾನವಾಗಿ, ಜೊತೆಗೆ ಎಸಿಯೂ ಸೋತಿದ್ದರೆ ಎರಡನ್ನೂ ಸೇರಿಸಿ ಸರ್ವಿಸ್‌ನವರಿಗೆ ಹೇಳಿ.

ಸರಿಯಾಗಿ ತುಂಬಿಸುವ ಕ್ರಮ

1. ಲೇಬಲ್ ಓದುವುದು. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಇರುತ್ತದೆ. ಆಯಿಲ್ ಹೆಸರು ಅಲ್ಲಿ ಇಲ್ಲದಿದ್ದರೆ ಕಂಪ್ರೆಸರ್ ಮೇಲಿನ ಲೇಬಲ್‌ನಲ್ಲಿ ಅಥವಾ ಸರ್ವಿಸ್ ಮ್ಯಾನುಯಲ್‌ನಲ್ಲಿ ಸಿಗುತ್ತದೆ.

2. ಹಳೇ ಗ್ಯಾಸ್ ವಾಪಸ್ ತೆಗೆದು ತೂಗುವುದು. ಉದಾಹರಣೆಗೆ ಲೇಬಲ್‌ನಲ್ಲಿ 500 ಗ್ರಾಂ ಇದ್ದು, ಹೊರಬಂದದ್ದು 320 ಗ್ರಾಂ ಆದರೆ 180 ಗ್ರಾಂ ಸೋರಿದೆ. ಈ ಲೆಕ್ಕ ಕೇಳಿ ಬರೆಸಿಕೊಳ್ಳಿ. ಹಳೇ ಗ್ಯಾಸನ್ನು ಗಾಳಿಗೆ ಬಿಡುವುದು ತಪ್ಪು.

3. ಲೀಕ್ ಹುಡುಕುವುದು. ನೈಟ್ರೋಜನ್ ಒತ್ತಡ ಕೊಟ್ಟು ನೋಡಬಹುದು, ಇಲ್ಲವೇ ಲೀಕ್ ಡಿಟೆಕ್ಟರ್ ಹಿಡಿಯಬಹುದು. ಲೀಕ್ ಮುಚ್ಚುವ ಸೀಲಂಟ್ ಡಬ್ಬಿಯನ್ನು ಇವಿಗೆ ಹಾಕಿಸಲೇಬೇಡಿ. ಡೈ ಹಾಕುವುದಾದರೆ ಇವಿಗೆ ಒಪ್ಪುವಂಥದ್ದೇ ಇರಬೇಕು.

4. ವ್ಯಾಕ್ಯೂಮ್. ಗಾಳಿ, ತೇವ ತೆಗೆಯಲು ಕನಿಷ್ಠ ಅರ್ಧ ಗಂಟೆ ಬೇಕು. ಪಿಒಇ ಆಯಿಲ್ ತೇವವನ್ನು ಬೇಗ ಹೀರುತ್ತದೆ, ಹಾಗಾಗಿ ಇಲ್ಲಿ ಅವಸರ ಬೇಡ. ಇನ್ನೊಂದು ಮಾತು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಮ್ಮಿ. ಪೂರ್ತಿ ವ್ಯಾಕ್ಯೂಮ್ ಆದರೂ ಮುಳ್ಳಿನ ಗೇಜ್ ಸುಮಾರು 27 ಇಂಚಿಗೇ ನಿಲ್ಲುತ್ತದೆ. ವಿಡಿಯೊದಲ್ಲಿ ನೋಡಿದಂತೆ 29 ಬರಲಿಲ್ಲ ಅಂತ ಮೆಕ್ಯಾನಿಕ್ ಜೊತೆ ಜಗಳ ಬೇಡ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಕದಲದೆ ನಿಂತಿದೆಯಾ ಅಂತ ನೋಡಿ.

5. ತೂಕ ಹಾಕಿ ತುಂಬುವುದು. ಕೆಲವರು ಗೇಜ್ ನೋಡಿ ಅಂದಾಜಿನ ಮೇಲೆ ತುಂಬುತ್ತಾರೆ. ನಿಂತ ಕಾರಿನಲ್ಲಿ ಗೇಜ್ ತೋರಿಸುವುದು ಹೆಚ್ಚಾಗಿ ಹೊರಗಿನ ಸೆಕೆಗೆ ತಕ್ಕ ಒತ್ತಡವನ್ನು. 30 ಡಿಗ್ರಿಯಲ್ಲಿ ಆರ್-134ಎ ಗ್ಯಾಸ್ ಒಳಗೆ 300 ಗ್ರಾಂ ಇರಲಿ, 500 ಗ್ರಾಂ ಇರಲಿ, ಗೇಜ್‌ನಲ್ಲಿ ಕಾಣುವುದು ಹತ್ತಿರ ಹತ್ತಿರ 98 ಪಿಎಸ್‌ಐ. ಕಮ್ಮಿಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ. ಹಾಗಾಗಿ ಲೇಬಲ್‌ನಲ್ಲಿರುವಷ್ಟು ಗ್ರಾಂ ತೂಗಿಯೇ ಹಾಕಬೇಕು.

6. ಓಡಿಸಿ ನೋಡುವುದು. ಇವಿ ಆನ್ ಇದ್ದರೂ ಸದ್ದು ಇರುವುದಿಲ್ಲ. ಪಾರ್ಕಿಂಗ್ ಗೇರ್, ಹ್ಯಾಂಡ್‌ಬ್ರೇಕ್ ಹಾಕಿದ್ದು ಖಾತ್ರಿ ಮಾಡಿಕೊಂಡೇ ಕಾರಿನ ಮುಂದೆ ನಿಲ್ಲಿ.

ಯಾವ ಗ್ಯಾಸ್?

ಇಲ್ಲಿನ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಆರ್-134ಎ. ಇದು ಗಾಳಿಗೆ ಹೋದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಹೊಸ ಗ್ಯಾಸ್ ಆರ್-1234ವೈಎಫ್‌ಗೆ ಈ ಗುಣ ತೀರಾ ಕಡಿಮೆ, ಆದರೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವಂಥದ್ದು. ಎರಡರ ಕನೆಕ್ಟರ್ ಅಳತೆ ಬೇಕಂತಲೇ ಬೇರೆ ಇಟ್ಟಿದ್ದಾರೆ. ಅಡಾಪ್ಟರ್ ಹಾಕಿ ಅದಕ್ಕೆ ಇದನ್ನು ತುಂಬಿಸುವ ಸಾಹಸ ಬೇಡ.

ಭಾರತ 2021ರಲ್ಲಿ ಕಿಗಾಲಿ ಒಪ್ಪಂದಕ್ಕೆ ಅಂಗೀಕಾರ ಕೊಟ್ಟಿದೆ. ಅದರಂತೆ ಆರ್-134ಎ ಸೇರಿದ ಎಚ್‌ಎಫ್‌ಸಿ ಗ್ಯಾಸ್‌ಗಳ ಬಳಕೆ 2032ರಿಂದ ಹಂತ ಹಂತವಾಗಿ ಇಳಿದು, 2047ಕ್ಕೆ ಶೇ 85ರಷ್ಟು ಕಡಿತವಾಗಬೇಕು. ಈಗ ಹೊಸ ಮಷಿನ್ ಕೊಳ್ಳುವ ಅಂಗಡಿಯವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗ್ಯಾರೇಜ್‌ನವರಿಗೆ ಎರಡು ಮಾತು

ಇವಿ ಗಿರಾಕಿಯನ್ನು ಕಳುಹಿಸಿಬಿಡಬೇಕು ಅಂತಿಲ್ಲ. ಇವಿಗೆಂದೇ ಬೇರೆ ಪೈಪ್, ಬೇರೆ ಗೇಜ್ ಸೆಟ್ ಇಡಿ, ಅದರ ಮೇಲೆ ದೊಡ್ಡದಾಗಿ ಬರೆಯಿರಿ. ಮಷಿನ್‌ನಲ್ಲಿ ತಾನಾಗಿ ಆಯಿಲ್ ಹಾಕುವ ವ್ಯವಸ್ಥೆ ಇದ್ದರೆ ಇವಿ ಕೆಲಸಕ್ಕೆ ಅದನ್ನು ಬಂದ್ ಮಾಡಿ. ಪಿಒಇ ಡಬ್ಬಿ ಒಮ್ಮೆ ತೆರೆದ ಮೇಲೆ ತೇವ ಹಿಡಿಯುತ್ತದೆ, ತಿಂಗಳುಗಟ್ಟಲೆ ಇಟ್ಟು ಬಳಸಬೇಡಿ. ಕಂಪ್ರೆಸರ್ ಬಿಚ್ಚುವ, ಕಿತ್ತಳೆ ವೈರ್ ಮುಟ್ಟುವ ಕೆಲಸ ಬಂದರೆ ಹೈ ವೋಲ್ಟೇಜ್ ತರಬೇತಿ ಇಲ್ಲದ ಹುಡುಗರ ಕೈಗೆ ಕೊಡಬೇಡಿ. ಅಲ್ಲಿ ತಪ್ಪಾದರೆ ಜೀವಕ್ಕೇ ಅಪಾಯ.

ಕೀಲಿ ಕೊಡುವ ಮುಂಚೆ ಕೇಳಬೇಕಾದ್ದು

- ಈ ಕಾರಿಗೆ ಯಾವ ಆಯಿಲ್ ಅಂತ ಗೊತ್ತಾ? ನಿಮ್ಮ ಮಷಿನ್‌ನಲ್ಲಿ ಇರೋದು ಯಾವುದು?
- ಇವಿಗೆ ಬೇರೆ ಪೈಪ್ ಇದೆಯಾ?
- ಹಳೇ ಗ್ಯಾಸ್ ತೆಗೆದು ತೂಗ್ತೀರಾ, ಇಲ್ಲ ಮೇಲಿಂದ ಹಾಕ್ತೀರಾ?
- ಬಿಲ್‌ನಲ್ಲಿ ಗ್ಯಾಸ್ ಹೆಸರು, ತೆಗೆದ ಗ್ರಾಂ, ಹಾಕಿದ ಗ್ರಾಂ, ಆಯಿಲ್ ಹೆಸರು ಬರೆದು ಕೊಡ್ತೀರಾ?

ಉತ್ತರ ಸರಿ ಬರದಿದ್ದರೆ ಬೇರೆ ಕಡೆ ಹೋಗಿ. ವಾರಂಟಿ ಇನ್ನೂ ಇದ್ದರೆ ಮೊದಲು ಕಂಪನಿ ಸರ್ವಿಸ್ ಸೆಂಟರ್‌ಗೇ ತೋರಿಸಿ. ಹೊರಗೆ ಕೈ ಹಾಕಿಸಿ ಆಯಿಲ್ ಬೆರೆತರೆ ವಾರಂಟಿ ಕೇಳುವುದು ಕಷ್ಟ. ಕೆಲಸ ಕೆಟ್ಟು ವಿವಾದವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಗ ನಿಮ್ಮ ಕೈಯಲ್ಲಿರುವ ಸಾಕ್ಷಿ ಆ ಬಿಲ್ಲೇ. ಅದರಲ್ಲಿ ಆಯಿಲ್ ಹೆಸರು ಇರುವಂತೆ ನೋಡಿಕೊಳ್ಳಿ.