ಹುರುಳಿಯ ಹಂಡೆ, ಹಿಂಡಿಯ ಬೂಷ್ಟು

ಕರ್ನಾಟಕದ ಒಣಬೇಸಾಯದ ಸೀಮೆಗಳಲ್ಲಿ ಉಳುವ ಎತ್ತಿಗೂ ಕರೆಯುವ ಹಸುವಿಗೂ ಹುಲ್ಲು, ಸೊಪ್ಪೆಗಳ ಮೇಲೆ ಕಸುವಿನ ಮೇವಾಗಿ ಒದಗಿಬಂದವುಗಳಲ್ಲಿ ಹುರುಳಿ ಮತ್ತು ಹಿಂಡಿ ಮುಖ್ಯವಾದವು. ನೂರಕ್ಕೆ ಸುಮಾರು 22 ಪಾಲು ಸಸಾರಜನಕ, ಅಂದರೆ ಮಾಂಸಖಂಡವನ್ನು ಕಟ್ಟುವ ಪ್ರೋಟೀನು, ಇರುವ ಹುರುಳಿಯನ್ನು ಹಂಡೆಯಲ್ಲಿ ಬೇಯಿಸಿ, ಕಾಳನ್ನು ಎತ್ತುಗಳಿಗೆ ಹಾಕಿ, ಬಸಿದ ಕಟ್ಟನ್ನು ಮನೆಯವರ ಸಾರಿಗೆ ಬಳಸುವುದು ಅನೇಕ ಕಡೆ ರೂಢಿಯಾಗಿತ್ತು. ಈ ಬೇಯಿಸುವಿಕೆಯ ಹಿಂದಿನ ರಸಾಯನಶಾಸ್ತ್ರ ತಿಳಿದದ್ದು ಬಹಳ ತಡವಾಗಿ. ಹಸಿ ಸೋಯಾ ತಿಂದ ಇಲಿಗಳು ಸರಿಯಾಗಿ ಬೆಳೆಯವು, ಬೇಯಿಸಿದ್ದನ್ನು ತಿಂದವು ಬೆಳೆಯುತ್ತವೆ ಎಂಬುದನ್ನು ಅಮೆರಿಕದ ಆಸ್‌ಬಾರ್ನ್ ಮತ್ತು ಮೆಂಡೆಲ್ 1917ರಲ್ಲಿ ತೋರಿಸಿದರು. ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಎಂಬ ಜೀರ್ಣರಸವನ್ನು ತಡೆಯುವ ವಸ್ತುವೊಂದನ್ನು ಕುನಿಟ್ಜ್ 1945ರಲ್ಲಿ ಸೋಯಾದಿಂದ ಹರಳುರೂಪದಲ್ಲಿ ಬೇರ್ಪಡಿಸಿದರು. ಹುರುಳಿಯಲ್ಲಿಯೂ ಇಂಥದೇ ತಡೆವಸ್ತುವಿದ್ದು, ಬೆಂಕಿಯ ಕಾವಿಗೆ ಅದು ಬಹುಮಟ್ಟಿಗೆ ಅಳಿಯುತ್ತದೆ. ಮೆಲುಕು ಹಾಕುವ ಎತ್ತಿಗಿಂತ, ಒಂದೇ ಹೊಟ್ಟೆಯ ಕುದುರೆಗೆ ಇದರ ಲಾಭ ಹೆಚ್ಚೆಂಬುದನ್ನೂ ಇಲ್ಲಿ ಹೇಳಬೇಕು.

ಹಿಂಡಿಯ ಕಥೆ ಬೇರೆ. ಎತ್ತು ಸುತ್ತುವ ಮರದ ಅಥವಾ ಕಲ್ಲಿನ ಗಾಣದಲ್ಲಿ ಎಣ್ಣೆ ಪೂರ್ತಿ ಇಳಿಯುತ್ತಿರಲಿಲ್ಲವಾದ್ದರಿಂದ ಗಾಣಿಗರ ಹಿಂಡಿ ಜಿಡ್ಡುಜಿಡ್ಡಾಗಿ, ಊರಿನೊಳಗೇ ಬೇಗ ಖರ್ಚಾಗುತ್ತಿತ್ತು. ಕಹಿಯಾದ ಹೊಂಗೆ, ಬೇವಿನ ಹಿಂಡಿಗಳೂ ವಿಷವಿರುವ ಹರಳಿನ ಹಿಂಡಿಯೂ ದನದ ಬಾನಿಗೆ ಹೋಗದೆ ಗೊಬ್ಬರವಾಗಿ ಹೊಲ ಸೇರುತ್ತಿದ್ದವು. ಗಿರಣಿಗಳೂ, ಅವುಗಳ ಹಿಂದೆಯೇ ದ್ರಾವಕದಿಂದ ಎಣ್ಣೆಯ ಕೊನೆಯ ಪಸೆಯನ್ನೂ ಸೆಳೆಯುವ ಕಾರ್ಖಾನೆಗಳೂ ಬಂದಂತೆ ಹಿಂಡಿಯಲ್ಲಿ ಜಿಡ್ಡು ಇಳಿದು ಸಸಾರಜನಕದ ಪಾಲು ಏರಿತು. ಸಿಪ್ಪೆ ತೆಗೆದ ಕಡಲೆಕಾಯಿಯ ಹಿಂಡಿಯಲ್ಲಿ ಅದು ನೂರಕ್ಕೆ 45ರ ಆಸುಪಾಸಿಗೆ ಮುಟ್ಟುವುದರಿಂದ, ಅದು ಮೂಟೆ ಕಟ್ಟಿ ಸಮುದ್ರ ದಾಟಿಸುವ ಸರಕಾಯಿತು.

ಆಪತ್ತು ಎದುರಾದದ್ದು ಇಲ್ಲಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಪಿತ್ತಜನಕಾಂಗ ಕೆಟ್ಟು ಸತ್ತವು. ಕಾರಣ ತಿಳಿಯದೆ ‘ಟರ್ಕಿ ಎಕ್ಸ್’ ಎಂದು ಕರೆಯಲಾದ ಆ ರೋಗದ ಮೂಲವನ್ನು ಹುಡುಕುತ್ತ ಹೋದವರು ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯನ್ನೂ, ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟನ್ನೂ ಕಂಡರು. ಬೂಷ್ಟಿನ ಹೆಸರಿನ ಅಕ್ಷರಗಳಿಂದಲೇ ಅದರ ವಿಷಕ್ಕೆ ‘ಅಫ್ಲಾಟಾಕ್ಸಿನ್’ ಎಂಬ ಹೆಸರಾಯಿತು. ದೋಷ ಕಡಲೆಕಾಯಿಯ ಪ್ರೋಟೀನಿನದಲ್ಲ. ಸರಿಯಾಗಿ ಒಣಗದ ಕಾಯಿಯದು, ಪಸೆ ಹಿಡಿದ ದಾಸ್ತಾನಿನದು. ಹುರುಳಿಯನ್ನು ಕಾಯ್ದ ಹಂಡೆಯ ಉಪಾಯ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಈ ವಿಷ ಕುದಿಸಿದರೆ ನಾಶವಾಗುವಂಥದಲ್ಲ. ಮೇಲೆ ಕಾಣುವ ಹಸಿರು ಪುಡಿಯನ್ನು ಕೊಡವಿದರೂ ಒಳಗೆ ಇಳಿದ ವಿಷ ಉಳಿದೇ ಇರುತ್ತದೆ.

ಹಸುವಿನ ಮೈಯಲ್ಲಿ ಇದರ ಒಂದಂಶ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆಂದು 1960ರ ದಶಕದಲ್ಲಿಯೇ ತಿಳಿದುಬಂದು, ಆ ರೂಪಕ್ಕೆ ಅಫ್ಲಾಟಾಕ್ಸಿನ್ ಎಂ1 ಎಂಬ ಹೆಸರು ಬಂತು. ಭಾರತದಲ್ಲಿ ಹಾಲಿಗೆ ಗೊತ್ತುಪಡಿಸಿರುವ ಅದರ ಮಿತಿ ಕಿಲೋಗ್ರಾಮಿಗೆ 0.5 ಮೈಕ್ರೋಗ್ರಾಂ, ಕಾಯಿಸಿದ ಹಾಲಿನಲ್ಲಿಯೂ ಅದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.