ಜೋಜಿಲಾದ ಆಚೆಯ ನದಿ

ಸಿಂಧೂನದಿಯ ಉಪನದಿಗಳನ್ನು ಭೂಪಟದಲ್ಲಿ ಗುರುತಿಸಿರೆಂದು ಹೇಳುವಾಗ ನಾನು ಪಂಜಾಬಿನ ಐದು ಹೆಸರುಗಳಿಗೇ ನಿಲ್ಲಿಸಿಬಿಡುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ದ್ರಾಸ್ ನದಿಯ ಹೆಸರನ್ನು ನಾನು ಒಮ್ಮೆಯೂ ಎತ್ತಿದವನಲ್ಲ. ಇನ್ನು ಕೊಡಗಿನ ಜನರಲ್ ತಿಮ್ಮಯ್ಯನವರನ್ನು ಇತಿಹಾಸದ ಪಾಠದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ. ಇವೆರಡೂ ಒಂದೇ ಪಾಠವೆಂದು ನನಗೆ ಹೊಳೆದದ್ದು ನಿವೃತ್ತಿಯ ನಂತರ.

ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿ ಸುಮಾರು 11,500 ಅಡಿ ಎತ್ತರದ ಜೋಜಿಲಾವನ್ನು ದಾಟಬೇಕು. (ಲಡಾಖಿ ಭಾಷೆಯಲ್ಲಿ 'ಲಾ' ಎಂದರೇ ಕಣಿವೆದಾರಿ. 'ಜೋಜಿಲಾ ಪಾಸ್' ಎನ್ನುವುದು ನಾವು 'ನಡುಮಧ್ಯ' ಎಂದಂತೆ!) ಅದರ ಪಶ್ಚಿಮಕ್ಕೆ ಕರಗಿದ ಹಿಮ ಸಿಂಧ್ ಎಂಬ ತೊರೆಯಾಗಿ ಝೇಲಮ್ ಸೇರುತ್ತದೆ. ಪೂರ್ವಕ್ಕೆ ಮಚೋಯಿ ಹಿಮನದಿಯ ನೀರು ದ್ರಾಸ್ ನದಿಯಾಗುತ್ತದೆ. ಮಳೆಮೋಡಗಳನ್ನು ಈ ಪರ್ವತಶ್ರೇಣಿ ತಡೆಯುವುದರಿಂದ ಆಚೆಯ ನೆಲ ಬೋಳು. ಮಡಿಕೇರಿಯ ಮಳೆಗೂ ನಮ್ಮ ಮೈಸೂರಿನ ಮಳೆಗೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾವೇರಿ ಮಳೆಯಿಂದ ತುಂಬಿದರೆ ದ್ರಾಸ್ ಬೇಸಿಗೆಯ ಬಿಸಿಲಿಗೆ ಹಿಮ ಕರಗಿ ತುಂಬುತ್ತದೆ.

ಅಂತಹ ಬೆಟ್ಟಗಳ ನಡುವೆ ನದಿಯ ದಂಡೆಯೇ ದಾರಿ. 1948ರ ಬೇಸಿಗೆಯಲ್ಲಿ ದ್ರಾಸ್, ಕಾರ್ಗಿಲ್‌ಗಳು ಶತ್ರುಗಳ ವಶವಾದಾಗ ಲೇಹ್ ನಗರಕ್ಕೆ ಹೋಗುವ ಆ ದಾರಿಯೇ ಕಡಿದುಹೋಯಿತು. ಸೆಪ್ಟೆಂಬರಿನಲ್ಲಿ ಜೋಜಿಲಾದ ಮೇಲೆ ನಡೆದ ದಾಳಿ ಸೋತಿತು. ಚಳಿಗಾಲದ ಹಿಮ ಬಿದ್ದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕಿತ್ತು. ಅಷ್ಟು ದಿನ ಲೇಹ್ ಉಳಿಯುತ್ತಿತ್ತೇ?

ಆಗ ವಿಭಾಗದ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ಯಾರೂ ಊಹಿಸದ ಕೆಲಸ ಮಾಡಿದರು. ಹೇಸರಗತ್ತೆಗಳು ನಡೆಯುತ್ತಿದ್ದ ಬಾಲ್ಟಾಲ್‌ನ ಏರುದಾರಿಯನ್ನು ಮದ್ರಾಸ್ ಸ್ಯಾಪರ್ಸ್ ಯೋಧರು ಅಗಲಗೊಳಿಸಿದರು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಪಡೆಯೇ ಅದು. 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು, ಗುರುತು ಸಿಗದಿರಲೆಂದು ಗೋಪುರ ಕಳಚಿ, ಗುಟ್ಟಾಗಿ ತರಲಾಯಿತು. ನವೆಂಬರ್ 1ರಂದು ಅವು ಜೋಜಿಲಾ ಏರಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು.

ನಂತರದ್ದು ನದಿಯೊಡನೆ ಇಳಿದ ಯುದ್ಧ. ಇಳಿಜಾರಾದರೂ ಸುಲಭವಾಗಿರಲಿಲ್ಲ. ಪಿಂದ್ರಾಸ್ ಬಳಿ ದಾರಿ ಇಕ್ಕಟ್ಟಾಗುವಲ್ಲಿ ಶತ್ರುಗಳು ಎತ್ತರದಲ್ಲಿ ಕುಳಿತು ಸೇನೆಯನ್ನು ದಿನಗಟ್ಟಲೆ ತಡೆದರು. ತಿಂಗಳ ಮಧ್ಯದಲ್ಲಿ ದ್ರಾಸ್, ಕೊನೆಯ ವಾರದಲ್ಲಿ ಕಾರ್ಗಿಲ್ ಮರಳಿ ಸಿಕ್ಕವು. ಲೇಹ್ ಉಳಿಯಿತು.

ಕಾರ್ಗಿಲ್ ಸಮೀಪದ ಖಾರೂಲ್‌ನಲ್ಲಿ ದ್ರಾಸ್ ನದಿ ಸುರೂ ನದಿಯನ್ನು ಕೂಡುತ್ತದೆ. ಸುರೂ ಮುಂದೆ ನಿಯಂತ್ರಣರೇಖೆಯನ್ನು ದಾಟಿ ಸಿಂಧೂವನ್ನು ಸೇರುತ್ತದೆ. ಜೋಜಿಲಾದ ಈಚೆಗೆ ಇಳಿದ ನೀರೂ ಝೇಲಮ್, ಚೀನಾಬ್‌ಗಳ ಮೂಲಕ ಕೊನೆಗೆ ಅದೇ ಸಿಂಧೂವನ್ನು ಸೇರುತ್ತದೆ. ಭೂಪಟ ಹತ್ತಿರವಿದ್ದವರು ಬೆರಳಿಟ್ಟು ನೋಡಿ.