ಕರಿಯ ಮರದ ವಿಮಾನಗಳು

ತಾರ್ಕಿಕರು ಪ್ರತ್ಯಭಿಜ್ಞೆಯೆಂಬ ಒಂದು ಬಗೆಯ ಜ್ಞಾನವನ್ನು ಹೇಳುವರು. ಹಿಂದೆ ಕಾಶಿಯಲ್ಲಿ ಕಂಡ ದೇವದತ್ತನನ್ನು ಇಂದು ತನ್ನೂರ ಬೀದಿಯಲ್ಲಿ ಕಂಡವನು ‘ಅವನೇ ಇವನು’ ಎಂದು ಅರಿಯುವುದೇ ಅದು. ಇದು ತಪ್ಪಿದಲ್ಲಿ ಸಾಮಾನ್ಯವಾಗಿ ಹೆಚ್ಚಿನ ಹಾನಿಯಿಲ್ಲ. ಚಿಪ್ಪನ್ನು ಬೆಳ್ಳಿಯೆಂದು ಭ್ರಮಿಸಿದವನಿಗೆ ಬಗ್ಗಿ ಎತ್ತಿದ ಶ್ರಮವೊಂದೇ ನಷ್ಟ. ಆದರೆ ಗಂಟೆಗೆ ಮುನ್ನೂರು ಮೈಲಿಯ ವೇಗದಲ್ಲಿ ಹಾರುವವನು ಎದುರಿನ ವಿಮಾನವು ತನ್ನವರದೋ ಹಗೆಯದೋ ಎಂಬುದನ್ನು ಎರಡು ಮೂರು ನಿಮಿಷಗಳಲ್ಲಲ್ಲ, ಎರಡು ಮೂರು ಕ್ಷಣಗಳಲ್ಲಿ ನಿಶ್ಚಯಿಸಬೇಕು. ಇಂದು ಮನೆಯ ಕಪಾಟಿನಲ್ಲಿ ಅಲಂಕಾರಕ್ಕಾಗಿ ಇಡುವ ಯುದ್ಧವಿಮಾನಗಳ ಪುಟ್ಟ ಪ್ರತಿಕೃತಿಗಳು ಈ ಒಂದು ನಿಶ್ಚಯಕ್ಕಾಗಿಯೇ ಒಮ್ಮೆ ಲಕ್ಷಗಟ್ಟಲೆ ಸಿದ್ಧವಾದುವೆಂಬುದು ಅನೇಕರಿಗೆ ತಿಳಿಯದು.

ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧವನ್ನು ಸಾರಿದುದು 1939ನೆಯ ಇಸವಿ ಸೆಪ್ಟೆಂಬರು 3ರಂದು. ಮೂರೇ ದಿನಗಳ ತರುವಾಯ, 6ನೆಯ ತಾರೀಖಿನ ಬೆಳಗಿನಲ್ಲಿ, ಶತ್ರುವಿಮಾನಗಳು ಬರುತ್ತಿರುವುವೆಂಬ ಸುಳ್ಳು ಸೂಚನೆಯೊಂದು ಹುಟ್ಟಿತು. ನಾರ್ತ್ ವೀಲ್ಡ್ ನೆಲೆಯಿಂದ 56ನೆಯ ದಳದ ಹರಿಕೇನ್ ವಿಮಾನಗಳು ಮೇಲೆದ್ದುವು. ಹಾರ್ನ್‌ಚರ್ಚ್ ನೆಲೆಯಿಂದ 74ನೆಯ ದಳದ ಸ್ಪಿಟ್‌ಫೈರ್ ವಿಮಾನಗಳು ಎದ್ದುವು. ಆಕಾಶದಲ್ಲಿ ಜರ್ಮನರು ಯಾರೂ ಇರಲಿಲ್ಲ. ಹರಿಕೇನ್‌ಗಳ ಮುಖ್ಯ ಗುಂಪಿನ ಹಿಂದೆ ಸ್ವಲ್ಪ ದೂರದಲ್ಲಿ ಎರಡು ವಿಮಾನಗಳು ಪ್ರತ್ಯೇಕವಾಗಿ ಬರುತ್ತಿದ್ದುವು. ಸ್ಪಿಟ್‌ಫೈರ್‌ಗಳು ಅವೆರಡನ್ನೂ ಹೊಡೆದು ಕೆಡಹಿದುವು. ಒಬ್ಬ ವೈಮಾನಿಕನು ಬದುಕಿಕೊಂಡನು. ಇಪ್ಪತ್ತಾರು ವಯಸ್ಸಿನ ಮಾಂಟೆಗ್ಯು ಹಲ್ಟನ್-ಹ್ಯಾರಪ್ ಎಂಬವನು ಮಡಿದನು. ಆ ಯುದ್ಧದಲ್ಲಿ ಪ್ರಾಣವನ್ನು ಕಳೆದುಕೊಂಡ ಮೊದಲನೆಯ ಬ್ರಿಟಿಷ್ ಯುದ್ಧವಿಮಾನದ ಚಾಲಕನು ಅವನೇ. ಮುಂದೆ ಲೋಕವಿಖ್ಯಾತವಾದ ಸ್ಪಿಟ್‌ಫೈರ್ ಹೊಡೆದುರುಳಿಸಿದ ಮೊದಲ ವಿಮಾನವೂ ಹೀಗೆ ತನ್ನ ದೇಶದ್ದೇ ಆಯಿತು. ಗುಂಡು ಹಾರಿಸಿದ ಇಬ್ಬರನ್ನು ಸೈನಿಕ ನ್ಯಾಯಸಭೆಯು ವಿಚಾರಿಸಿ ನಿರ್ದೋಷಿಗಳೆಂದು ಬಿಟ್ಟಿತು. ಈ ಪ್ರಸಂಗಕ್ಕೆ ‘ಬಾರ್ಕಿಂಗ್ ಕ್ರೀಕ್ ಕದನ’ವೆಂದು ಹೆಸರು ನಿಂತಿರುವುದಾದರೂ ಆ ತೊರೆಗೂ ಹಲ್ಟನ್-ಹ್ಯಾರಪ್‌ನ ವಿಮಾನವು ಬಿದ್ದ ಇಪ್ಸ್‌ವಿಚ್ ಪ್ರಾಂತಕ್ಕೂ ಬಹಳ ದೂರವುಂಟು. ಹೆಸರಿಡುವುದರಲ್ಲಿಯೂ ಪ್ರತ್ಯಭಿಜ್ಞೆಯು ತಪ್ಪಿತು!

ಗಮನಿಸತಕ್ಕ ವಿಷಯವೊಂದಿದೆ. ಆ ದಿನಗಳಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಎಡರೆಕ್ಕೆಯ ಅಡಿಗೆ ಕಪ್ಪನ್ನೂ ಬಲರೆಕ್ಕೆಯ ಅಡಿಗೆ ಬಿಳಿಯನ್ನೂ ಬಳಿಯುವ ಪದ್ಧತಿಯಿದ್ದಿತು. ನೆಲದ ಮೇಲಿನವರು ತಮ್ಮವರನ್ನು ಗುರುತಿಸಲೆಂದೇ ಮಾಡಿದ ಏರ್ಪಾಡು ಇದು. ಅದೂ ಹಲ್ಟನ್-ಹ್ಯಾರಪ್‌ನನ್ನು ಉಳಿಸಲಿಲ್ಲ. ಬೆಳಗಿನ ಸೂರ್ಯನಿಗೆ ಎದುರಾಗಿ ನೋಡುವವನಿಗೆ ಬಣ್ಣವೆಲ್ಲಿ ಕಂಡೀತು? ಉಳಿಯುವುದು ಆಕಾರದ ಕರಿಯ ಅಂಚೊಂದೇ. ಆ ಅಂಚನ್ನು ಕಣ್ಣಿಗೆ ಪಾಠ ಮಾಡಿಸುವುದು ಹೇಗೆಂಬುದೇ ಪ್ರಶ್ನೆಯಾಯಿತು.

ಅದಕ್ಕೆ ಬೇಕಾದ ಸಾಧನವು ಅದೃಷ್ಟವಶಾತ್ ಮಕ್ಕಳ ಆಟದಲ್ಲಿ ಮೊದಲೇ ಸಿದ್ಧವಾಗಿದ್ದಿತು. 1932ರಲ್ಲಿ ಜೇಮ್ಸ್ ಹೇ ಸ್ಟೀವನ್ಸ್ ಎಂಬವರು ‘ಸ್ಕೈಬರ್ಡ್ಸ್’ ಎಂಬ ಹೆಸರಿನ ಮರದ ವಿಮಾನಗಳನ್ನು ರೂಪಿಸಿ, ಆರು ಅಡಿಗೆ ಒಂದು ಅಂಗುಲದಂತೆ, ಎಂದರೆ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯನ್ನು ಬಳಕೆಗೆ ತಂದರು. 1936ರಲ್ಲಿ ‘ಫ್ರಾಗ್’ ಸಂಸ್ಥೆಯವರು ಇದೇ ಅಳತೆಯಲ್ಲಿ ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದರು. ಅವು ಹಾರುವ ಆಟಿಕೆಗಳಲ್ಲವಾದುದರಿಂದ ಅವುಗಳಿಗೆ ‘ಪೆಂಗ್ವಿನ್’ ಎಂದು ಹೆಸರಿಟ್ಟರು. ಪೆಂಗ್ವಿನ್ ಹಾರಲಾರದ ಹಕ್ಕಿಯಷ್ಟೆ. ಈ ಅಳತೆಯಲ್ಲಿ 40 ಅಡಿ ರೆಕ್ಕೆಯ ಹರಿಕೇನ್ ಆರೂಮುಕ್ಕಾಲು ಅಂಗುಲಕ್ಕೆ ತುಸು ಕಡಿಮೆಯಾಗುವುದು. 36 ಅಡಿ 10 ಅಂಗುಲದ ಸ್ಪಿಟ್‌ಫೈರ್ ಆರು ಅಂಗುಲವನ್ನು ತುಸು ಮೀರುವುದು. ಇವೆರಡರ ಅಂತರವು ಅರ್ಧ ಅಂಗುಲದಷ್ಟು ಮಾತ್ರ. ಒಂದಕ್ಕೆ ರೆಕ್ಕೆಯು ದಪ್ಪ, ಬೆನ್ನಿನಲ್ಲಿ ಗೂನು. ಇನ್ನೊಂದಕ್ಕೆ ರೆಕ್ಕೆಯು ತೆಳುವಾದ ಎಲೆಯಂತೆ ದುಂಡಗೆ ಬಾಗಿರುವುದು. ಇಷ್ಟನ್ನು ಕಣ್ಣು ಕಲಿತರೆ ಸಾಕು. ಆದರೆ ಹಿಂದಿನಿಂದ, ಕೆಳಗಿನಿಂದ, ಓರೆಯಿಂದ, ಯಾವ ದಿಕ್ಕಿನಿಂದ ಕಂಡರೂ ತಪ್ಪದಂತೆ ಕಲಿಯಬೇಕು. ಚಿತ್ರಪಟವು ಒಂದು ಮುಖವನ್ನು ಮಾತ್ರ ತೋರಿಸುವುದು. ಪ್ರತಿಕೃತಿಯನ್ನಾದರೋ ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದು.

ಅಮೆರಿಕಾದವರು ಈ ಪಾಠವನ್ನು ತಮ್ಮ ರಕ್ತವನ್ನು ತೆತ್ತೇ ಕಲಿತರು. 1941ನೆಯ ಇಸವಿ ಡಿಸೆಂಬರು 7ರ ಹಗಲು ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ದಾಳಿಯಾಯಿತು. ಅದೇ ರಾತ್ರಿ ‘ಎಂಟರ್‌ಪ್ರೈಸ್’ ಹಡಗಿನ ಆರು ಯುದ್ಧವಿಮಾನಗಳು ಅಲ್ಲಿ ಇಳಿಯಲು ಬಂದಾಗ ಬೆದರಿದ ಸ್ವಪಕ್ಷದ ಫಿರಂಗಿಗಳೇ ಅವುಗಳ ಮೇಲೆ ಹಾರಿದುವು. ಮೂವರು ವೈಮಾನಿಕರು ಸತ್ತರು. 1942ರ ಆದಿಯಲ್ಲಿ ಅಲ್ಲಿಯ ನೌಕಾಖಾತೆಯು ದೇಶದ ಪ್ರೌಢಶಾಲೆಗಳಿಗೆ ಒಂದು ಕೋರಿಕೆಯನ್ನು ಕಳುಹಿಸಿತು: ಐವತ್ತು ಬಗೆಯ ವಿಮಾನಗಳು, ಬಗೆಯೊಂದಕ್ಕೆ ಹತ್ತು ಸಾವಿರ, ಒಟ್ಟು ಐದು ಲಕ್ಷ ಪ್ರತಿಕೃತಿಗಳು ಬೇಕು. ಬಡಗಿಯ ಕೆಲಸವನ್ನು ಕಲಿಸುವ ತರಗತಿಗಳಲ್ಲಿ ಹುಡುಗರೂ ಹುಡುಗಿಯರೂ ಮರವನ್ನು ಕೊರೆದು, ಮರಳುಕಾಗದದಿಂದ ತಿಕ್ಕಿ, ಅಲ್ಲಲ್ಲಿ ರಟ್ಟಿನ ಅಚ್ಚನ್ನು ಒತ್ತಿ ಹಿಡಿದು ಬೆಳಕಿಗೆ ಪರೀಕ್ಷಿಸಿದರು. ಅಚ್ಚಿಗೂ ಮರಕ್ಕೂ ನಡುವೆ ಬೆಳಕು ಸುಳಿದರೆ ಮತ್ತೆ ತಿದ್ದಬೇಕು. ಪರೀಕ್ಷೆಯಲ್ಲಿ ಉತ್ತೀರ್ಣವಾದವುಗಳನ್ನು ಮಾತ್ರ ಸ್ವೀಕರಿಸುತ್ತಿದ್ದರು. ಮಾಡಿದ ಸಂಖ್ಯೆಗೆ ತಕ್ಕಂತೆ ಮಕ್ಕಳಿಗೆ ನೌಕಾಖಾತೆಯಿಂದ ಗೌರವಪದವಿಯ ಪತ್ರಗಳು ಬಂದುವು. ತರುವಾಯ ಚಿಕಾಗೋ ನಗರದ ಕ್ರೂವರ್ ಸಂಸ್ಥೆಯು ಪ್ಲಾಸ್ಟಿಕ್ಕಿನಲ್ಲಿ ಇವನ್ನು ಎರಕ ಹೊಯ್ದು ಒದಗಿಸಿತು. ಹದಿನಾಲ್ಕು ಹದಿನೈದು ವರ್ಷದ ಮಕ್ಕಳ ಉಜ್ಜುವ ಕೈಯಲ್ಲಿ ಒಬ್ಬ ವೈಮಾನಿಕನ ಪ್ರಾಣವು ಅಡಗಿದ್ದಿತೆಂದರೆ ಅತಿಶಯೋಕ್ತಿಯಾಗದು.

ಆ ಪ್ರತಿಕೃತಿಗಳಿಗೆ ಕೊಟ್ಟ ಬಣ್ಣವು ಒಂದೇ: ಹೊಳಪಿಲ್ಲದ ಕಪ್ಪು. ಲಾಂಛನವಿಲ್ಲ, ಅಕ್ಷರವಿಲ್ಲ. ಮೂವತ್ತೈದು ಅಡಿಗಳ ದೂರದಲ್ಲಿ ಇದನ್ನು ತೂಗುಹಾಕಿದರೆ ಅರ್ಧ ಮೈಲಿಯಷ್ಟು ದೂರದಲ್ಲಿರುವ ನಿಜವಾದ ವಿಮಾನದಷ್ಟೇ ಕಾಣುವುದು; ಎಪ್ಪತ್ತೆರಡರಿಂದ ಗುಣಿಸಿ ನೋಡುವವರಿಗೆ ಇದು ಸ್ಪಷ್ಟ. ವರ್ಣವನ್ನು ಕಳೆದು ರೂಪವನ್ನು ಮಾತ್ರ ಉಳಿಸಿದ ಈ ಯುಕ್ತಿಯು ಮೆಚ್ಚತಕ್ಕದ್ದು.

ಆದರೂ ರೂಪವೊಂದೇ ಸಾಲದಾಯಿತು. ಬ್ರಿಟಿಷರ ಟೈಫೂನ್ ಜರ್ಮನರ ಫೋಕೆ-ವುಲ್ಫ್ 190ನ್ನು ಹೋಲುತ್ತಿದ್ದುದರಿಂದ ಸ್ವಪಕ್ಷದವರ ಗುಂಡಿಗೆ ಸಿಕ್ಕಿತು. 1942ರಲ್ಲಿ ಅದರ ರೆಕ್ಕೆಗಳ ಅಡಿಗೆ ಕಪ್ಪುಬಿಳಿಯ ಪಟ್ಟೆಗಳನ್ನು ಬಳಿಯಬೇಕಾಯಿತು. ನಮ್ಮ ದೇಶದ ಕಡೆಯಲ್ಲಿ ತೊಂದರೆಯು ಬೇರೆ ಬಗೆಯದು. ಬ್ರಿಟಿಷ್ ಲಾಂಛನದ ನಡುವಿನ ಕೆಂಪು ಬೊಟ್ಟು ಜಪಾನೀಯರ ಕೆಂಪು ಸೂರ್ಯನಂತೆ ತೋರುವುದೆಂದು ಅದನ್ನು ಅಳಿಸಿದರು. 1944ರಲ್ಲಿ ಇಂಫಾಲದ ಮೇಲೆ ಅರ್ಜನ್ ಸಿಂಗರ ನಾಯಕತ್ವದಲ್ಲಿ ಹಾರಿದ ಭಾರತೀಯ ವಾಯುಪಡೆಯ ಒಂದನೆಯ ದಳದ ಹರಿಕೇನ್‌ಗಳಲ್ಲಿ ಆ ಕೆಂಪು ಇರಲಿಲ್ಲ. ಇಂದು ಆ ವಿಮಾನವನ್ನು ಪುಟ್ಟದಾಗಿ ಕಟ್ಟುವವನು ಅಭ್ಯಾಸಬಲದಿಂದ ಕೆಂಪು ಬೊಟ್ಟನ್ನಿಟ್ಟರೆ, ವೃತ್ತಾಂತವನ್ನೇ ಅಳಿಸಿದಂತಾಗುವುದು.

ಯುದ್ಧಾನಂತರ, 1950ರ ದಶಕದಲ್ಲಿ, ‘ಏರ್‌ಫಿಕ್ಸ್’ ಸಂಸ್ಥೆಯ ಸ್ಪಿಟ್‌ಫೈರ್ ಎರಡು ಶಿಲಿಂಗಿಗೆ ಅಂಗಡಿಗಳಲ್ಲಿ ದೊರೆಯಿತು. ಅಂದಿನಿಂದ ಇದು ಮತ್ತೆ ವಿನೋದವಾಯಿತು. ಕಪ್ಪು ಹೋಗಿ ಬಣ್ಣಗಳು ಬಂದುವು. ಭಾಗಗಳನ್ನು ಅಂಟಿಸಿ, ಸಂದುಗಳನ್ನು ತುಂಬಿ ತಿಕ್ಕಿ, ತೆಳುವಾದ ಬಣ್ಣವನ್ನು ಪದರಪದರವಾಗಿ ಒಣಗಿಸುತ್ತ ಹಚ್ಚುವರು. ಕುಶಲರು ಡಬ್ಬಿಯ ಬಣ್ಣವನ್ನು ಇದ್ದಂತೆಯೇ ಹಚ್ಚದೆ ತುಸು ತಿಳಿಯಾಗಿಸುವರು. ದೂರದಲ್ಲಿರುವ ವಸ್ತುವಿನ ಬಣ್ಣವು ಮಂಕಾಗಿ ತೋರುವುದರಿಂದ ಸಣ್ಣ ಪ್ರತಿಕೃತಿಗೂ ಅದೇ ನ್ಯಾಯವು ಸಲ್ಲಬೇಕಲ್ಲವೆ?

ಆದರೆ ಕೌಶಲವೇ ಕೆಲವೊಮ್ಮೆ ಅಸತ್ಯಕ್ಕೆ ಎಡೆಗೊಡುವುದು. 1944ರ ಜೂನ್ ತಿಂಗಳಿನಲ್ಲಿ, ನಾರ್ಮಂಡಿಯ ಮೇಲೆ ಸೈನ್ಯವಿಳಿಯುವುದಕ್ಕೆ ಮುನ್ನ, ಮಿತ್ರಪಕ್ಷದ ಅನೇಕ ವಿಮಾನಗಳ ಮೇಲೆ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಬಳಿಯಬೇಕೆಂಬ ಅಪ್ಪಣೆಯಾಯಿತು. ಗುಟ್ಟು ಬಯಲಾಗದಿರಲೆಂದು ಇದನ್ನು ಕಡೆಯ ಎರಡು ಮೂರು ದಿನಗಳವರೆಗೆ ತಡೆದಿದ್ದರು. ಒಂಟಿ ಎಂಜಿನಿನ ಯುದ್ಧವಿಮಾನಕ್ಕೆ ಪಟ್ಟೆಯ ಅಗಲವು 18 ಅಂಗುಲ. ಪ್ರತಿಕೃತಿಯಲ್ಲಿ ಅದು ಕಾಲಂಗುಲ. ಕೈಗೆ ಸಿಕ್ಕಿದ ಕುಂಚ, ಪೊರಕೆಗಳಿಂದ ಆಳುಗಳು ಅವಸರವಾಗಿ ಬಳಿದ ಆ ಪಟ್ಟೆಗಳ ಅಂಚು ಅನೇಕ ಕಡೆಗಳಲ್ಲಿ ಡೊಂಕಾಗಿತ್ತು. ಕಾಗದದ ಪಟ್ಟಿಯನ್ನು ಅಂಟಿಸಿ ಗೆರೆ ಕೊಯ್ದಂತೆ ಕಾಲಂಗುಲವನ್ನು ಬಳಿಯುವವನ ವಿಮಾನವು ನೋಡಲು ಸೊಗಸಾಗಿರುವುದು; ಆ ರಾತ್ರಿಯ ಕೈಗಳು ಮಾತ್ರ ಅದರಲ್ಲಿಲ್ಲ.

1939ರ ಸೆಪ್ಟೆಂಬರಿನ ಹರಿಕೇನ್ ಕಟ್ಟುವವರು ಇಂದಿಗೂ ಇದ್ದಾರೆ. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಬಳಿದು, ಪೀಠದ ಮೇಲೆ ನಿಲ್ಲಿಸಿದರೆ ಆ ಎರಡು ಬಣ್ಣಗಳು ಅಡಿಯಲ್ಲಿ ಮರೆಯಾಗುವುವು. ಎತ್ತಿ ನೋಡಿದವರಿಗಷ್ಟೆ ಕಾಣುವುವು. ಹಲ್ಟನ್-ಹ್ಯಾರಪ್‌ನ ಸಮಾಧಿಯು ನಾರ್ತ್ ವೀಲ್ಡಿನಲ್ಲಿ, ಸೇಂಟ್ ಆಂಡ್ರ್ಯೂ ಇಗರ್ಜಿಯ ಆವರಣದಲ್ಲಿ, ಅವನು ಹಾರಿ ಹೋದ ನೆಲೆಯ ಸಮೀಪದಲ್ಲಿಯೇ ಇದೆ.